ಕಪ್ಪು ಮರಳಿನ ರಂಗೋಲಿ, ಸೂರ್ಯಕಾಂತಿ ಗ್ಲೌಸು

ಜ್ವಾಲಾಮುಖಿ ಇರುವ ದ್ವೀಪವೆಂದರೆ ಸಂದುಗೊಂದಿಯಲ್ಲೆಲ್ಲ ಬೆಂಕಿ ಉರಿಯುತ್ತಿರುತ್ತದೆ, ಅಲ್ಲಿನವರು ಬಾಗಿಲ ಚಿಲಕ ಮುಟ್ಟಬೇಕಾದರೂ ಮಸಿಬಟ್ಟೆ ಹಿಡಿಯುತ್ತಾರೆ ಎಂದೇ ಸುಧನ್ವ ನಂಬಿದ್ದ. ಎಂಜಿನಿಯರಿಂಗ್ ಓದಿ, ಸಿಡ್ನಿಯಲ್ಲಿ ಮಾಸ್ಟರ್ಸ್ ಮುಗಿಸಿ, ಅಲ್ಲೇ ನೆಲೆಸಲು ಪಿಆರ್ ಗಿಟ್ಟಿಸಿ, ಚಾಟ್ಸ್‌ವುಡ್‌ನ ಆಫೀಸೊಂದರಲ್ಲಿ ಒಂದು ಮೀಟಿಂಗಿಗೆ ಇನ್ನೊಂದು ಮೀಟಿಂಗ್ ಗಂಟು ಹಾಕಿ ಸಂಬಳ ತೆಗೆದುಕೊಳ್ಳುತ್ತಿದ್ದವನ ನಂಬಿಕೆ ಇದು. ಹಾಗಾಗಿ ಸಿಡ್ನಿಯ ಗಿರಾವೀನ್ ಬಡಾವಣೆಯಲ್ಲಿ ಅವನಿಗೆ ಹಿತ್ತಲ ಕೋಣೆ ಬಾಡಿಗೆ ಕೊಟ್ಟಿದ್ದ ಜಲಜಾ ಆಂಟಿ ಪೆಸಿಫಿಕ್ ಸಾಗರದ ವನವಾಟುವಿನ ಜ್ವಾಲಾಮುಖಿ ದ್ವೀಪವೊಂದಕ್ಕೆ ಫೋಟೋ ತೆಗೆಯಲು ಹೊರಟಾಗ, ಅವನು ಅಂಗಡಿಗೆ ಹೋಗಿ ಸೂರ್ಯಕಾಂತಿ ಹೂವಿನ ಚಿತ್ರವಿದ್ದ ದಪ್ಪನೆಯ ಓವನ್ ಗ್ಲೌಸು ತಂದುಕೊಟ್ಟ.

“ಇದ್ಯಾಕೋ? ಅಲ್ಲಿ ಹೋಗಿ ಕೇಕ್ ಬೇಯಿಸ್ಲಾ?”

“ಸೇಫ್ಟಿ ಆಂಟಿ. ಕಲ್ಲು ಗಿಲ್ಲು ಬಿಸಿ ಇರ್ತವಲ್ಲ.”

ಆಂಟಿ ಅವನ ಮುಖವನ್ನೊಮ್ಮೆ ನೋಡಿ, ಗ್ಲೌಸನ್ನು ಸೂಟ್‌ಕೇಸಿನ ಮೂಲೆಗೆ ತುರುಕಿದರು.

ಚನ್ನಪಟ್ಟಣದಿಂದ ಬಂದ ಜಲಜಾ ಆಂಟಿ ವೃದ್ಧಾಶ್ರಮವೊಂದರ ಲಾಂಡ್ರಿಯಲ್ಲಿ ದುಡಿದು ರಿಟೈರ್ ಆದವರು. ಕ್ಯಾಮೆರಾ ಅವರ ಚಟ. ಸಿಡ್ನಿಯ ಕನ್ನಡದವರ ಮನೆಯಲ್ಲಿ ನಾಮಕರಣವಿರಲಿ, ಸೀಮಂತವಿರಲಿ, “ಆಂಟಿ, ಒಂದು ಫೋಟೋ” ಎಂಬ ಕೂಗು ಏಳುತ್ತಿತ್ತು. ಆಂಟಿ ತೆಗೆಯುತ್ತಿದ್ದರು. ಚಿತ್ರಗಳು ಎಲ್ಲರ ಫೋನಿನಲ್ಲೂ ಓಡಾಡುತ್ತಿದ್ದವು, ತೆಗೆದವರು ಯಾರೆಂದು ಮಾತ್ರ ಯಾರೂ ಕೇಳುತ್ತಿರಲಿಲ್ಲ. ಎಲ್ಲ ಚಿತ್ರಗಳಲ್ಲೂ ತಾವಿಲ್ಲದಿರುವುದು ಆಂಟಿಗೆ ರೂಢಿಯಾಗಿತ್ತು. ಆದರೆ ಮೆಲ್ಬರ್ನ್‌ನ ಕನ್ನಡ ಬಳಗವೊಂದು ರಾಜ್ಯೋತ್ಸವಕ್ಕೆ ‘ಮನೆಯಾಚೆಯ ಲೋಕ’ ಎಂದು ಫೋಟೋ ಪ್ರದರ್ಶನ ಇಟ್ಟು, ಪ್ರತಿ ಚಿತ್ರದ ಕೆಳಗೂ ತೆಗೆದವರ ಹೆಸರು ಹಾಕುತ್ತೇವೆ ಎಂದಾಗ, ಅವರು ಆ ಮೆಸೇಜನ್ನು ಸುಧನ್ವನ ಕೈಲಿ ಜೋರಾಗಿ ಓದಿಸಿದರು. ಓದಿದ ಮೇಲೆ ಇನ್ನೊಮ್ಮೆ ಓದು ಎಂದರು. ದ್ವೀಪಕ್ಕೆ ಟಿಕೆಟ್ ಕೊಂಡದ್ದು ಆಮೇಲೆಯೇ.

ದ್ವೀಪದಿಂದ ಅವರು ತಂದ ಚಿತ್ರಗಳಲ್ಲಿ ಜ್ವಾಲಾಮುಖಿಯ ಬೆಂಕಿಯೇ ಇರಲಿಲ್ಲ. ಹಲಸಿನಂಥದೇ ಕಾಯನ್ನು ಕೆಂಡದಲ್ಲಿ ಸುಡುವ ಅಜ್ಜ, ಒಣಹಾಕಿದ ಸೀರೆಯಗಲದ ಬಟ್ಟೆಯಿಂದ ಬೂದಿ ಕೊಡವುತ್ತಿರುವ ಹೆಂಗಸು, ದೋಣಿಯ ನೆರಳಲ್ಲಿ ಮಲಗಿದ ಹಂದಿ. ಸುಧನ್ವನ ಕಣ್ಣು ನೆಟ್ಟದ್ದು ಒಂದು ಚಿತ್ರದ ಮೇಲೆ. ಕಪ್ಪು ಮರಳಿನ ಮೇಲೆ ಬೆರಳಲ್ಲಿ ಎಳೆದ ಎರಡು ಚಿತ್ರ ಅಕ್ಕಪಕ್ಕದಲ್ಲಿದ್ದವು. ಒಂದು ಆಮೆ, ಇನ್ನೊಂದು ನಮ್ಮ ಎಳೆ ರಂಗೋಲಿ.

“ಎಲ್ಸಿ ಅಂತ ಅಲ್ಲಿನವಳೊಬ್ಳು ಕಣೋ. ಬೆರಳು ಎತ್ತದೇ ಇಡೀ ಆಮೆ ಬರೆದ್ಲು. ನನಗೆ ಸುಮ್ನೆ ಇರಕ್ಕಾಗುತ್ತಾ? ಪಕ್ಕದಲ್ಲೇ ಕೂತು ಚುಕ್ಕಿ ಇಟ್ಟೆ. ಅವಳು ಬಿದ್ದು ಬಿದ್ದು ನಕ್ಕಳು, ನನ್ನ ಅಕ್ಕ ಸಿಕ್ಕಿದ್ಲು ಅಂತ.”

“ಅದ್ಸರಿ, ಮೂಲೇಲಿ ಅದೇನು ಹಳದಿ?”

“ನಿನ್ನ ಗ್ಲೌಸು. ಬಿಸಿಲಿಗೆ ಆ ಮರಳು ಕಾದ ಕಾವಲಿ. ಮಂಡಿ ಕೆಳಗೆ ಹಾಕ್ಕೊಂಡಿದ್ದೆ, ಎತ್ತೋದು ಮರ್ತೋಯ್ತು.”

ತನ್ನ ದಡ್ಡತನ ಇಷ್ಟು ಉಪಯೋಗಕ್ಕೆ ಬಂದದ್ದು ಸುಧನ್ವನ ಜೀವನದಲ್ಲೇ ಮೊದಲು. ಆದರೂ ನಾಚಿಕೆಯಿಂದ, “ಕ್ರಾಪ್ ಮಾಡಿಬಿಡ್ಲಾ?” ಎಂದ.

“ಮದುವೆ ಫೋಟೋಲಿ ಸೋದರಮಾವ ಅಡ್ಡ ಬಂದ್ರೆ ಕತ್ತರಿಸ್ತೀವೇನೋ? ಇದ್ದದ್ದು ಇರ್ಲಿ.”

ಫ್ರೇಮುಗಳಿಗೆ ಹಿಂದಿನ ಸೀಟಿನಲ್ಲಿ ಬೆಲ್ಟ್ ಬಿಗಿದು, ಅವನ ಹಳೆಯ ಕಾರಿನಲ್ಲಿ ಇಬ್ಬರೂ ಮೆಲ್ಬರ್ನ್‌ಗೆ ಹೊರಟರು. ದಾರಿಯುದ್ದಕ್ಕೂ ಆಂಟಿಯದು ಒಂದೇ ಚಿಂತೆ: “ಹೆಸರು ಕನ್ನಡದಲ್ಲಿ ಹಾಕ್ತಾರೋ, ಇಂಗ್ಲಿಷಲ್ಲೋ?”

ಕನ್ನಡದಲ್ಲೇ ಹಾಕಿದ್ದರು. ‘ಜಲಜಾ, ಸಿಡ್ನಿ’ ಎಂಬ ಚೀಟಿಯನ್ನು ಆಂಟಿ ಹತ್ತಿರ ಹೋಗಿ ನೋಡಿದರು, ದೂರ ನಿಂತು ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಅಷ್ಟರಲ್ಲಿ ಪ್ರದರ್ಶನದ ಉಸ್ತುವಾರಿ ಹೊತ್ತಿದ್ದ ನಿವೃತ್ತ ಪ್ರೊಫೆಸರ್ ರಾಮಮೂರ್ತಿ ಬಂದರು. ಚಿತ್ರದ ಮುಂದೆ ಬಗ್ಗಿದವರು ಹುಬ್ಬು ಗಂಟಿಕ್ಕಿಕೊಂಡೇ ಎದ್ದರು.

“ಜಲಜಾ ಅವರೇ, ತಪ್ಪು ತಿಳ್ಕೋಬೇಡಿ. ಇದು ರಂಗೋಲಿ. ಇದು ಅಡುಗೆಮನೆ ಗ್ಲೌಸು. ಇದು ನಿಮ್ಮ ಹಿತ್ತಲು ಅನ್ನೋಕೆ ಇನ್ನೇನು ಬೇಕು? ಮನೇಲಿ ತೆಗೆದದ್ದು ಬೇಡ ಅಂತ ರೂಲ್ ಇದೆ. ಇದನ್ನ ಇಳಿಸ್ಬೇಕಾಗುತ್ತೆ.”

“ದ್ವೀಪದಲ್ಲಿ ತೆಗೆದದ್ದು ಅಂತ ಹೇಳಿದೀನಲ್ಲ.”

“ಹೇಳೋದು ಯಾರು ಬೇಕಾದ್ರೂ ಹೇಳ್ಬಹುದಮ್ಮ. ಕಪ್ಪು ಮರಳು ಅಂಗಡೀಲೂ ಸಿಗುತ್ತೆ.”

ಆಂಟಿ ಗೋಡೆಯ ಚೀಟಿಯನ್ನು ತಾವೇ ಕೀಳತೊಡಗಿದರು. ಸುತ್ತ ಜನ ಸೇರಿದ್ದರು. ಆಫೀಸಿನ ಮೀಟಿಂಗುಗಳಲ್ಲಿ ಮೈಕ್ ಮ್ಯೂಟ್ ಮಾಡಿಕೊಂಡೇ ಇಷ್ಟು ದೂರ ಬಂದಿದ್ದ ಸುಧನ್ವನ ಬಾಯಿ ಆಗ ತಾನಾಗಿಯೇ ತೆರೆಯಿತು.

“ಅಂಕಲ್, ಆ ಗ್ಲೌಸ್ ಕೊಟ್ಟಿದ್ದು ನಾನು.”

“ರಂಗೋಲಿ ಹಾಕೋಕಾ?”

“ಇಲ್ಲ ಅಂಕಲ್. ಜ್ವಾಲಾಮುಖಿಗೆ.”

“ಏನು?”

“ಅಲ್ಲಿ ಎಲ್ಲಾ ಕಡೆ ಬೆಂಕಿ ಇರುತ್ತೆ, ಬಾಗಿಲೂ ಸುಡುತ್ತೆ ಅಂದ್ಕೊಂಡಿದ್ದೆ. ಕೈಗಿರ್ಲಿ ಅಂತ ಕೊಟ್ಟೆ. ಆಂಟಿ ಮಂಡಿಗೆ ಹಾಕ್ಕೊಂಡ್ರು.”

ಯಾರೋ ಕಿಸಕ್ಕೆಂದರು. ಅಲ್ಲಿಂದ ನಗು ಚಕ್ಕುಲಿ ತಟ್ಟೆಯಂತೆ ಸಭಾಂಗಣದ ತುಂಬ ಹರಿದಾಡಿತು. ರಾಮಮೂರ್ತಿಯವರ ಹೆಂಡತಿ ಸಾವಿತ್ರಿ ಕಣ್ಣೊರೆಸಿಕೊಳ್ಳುತ್ತ, “ಏನಪ್ಪಾ ನೀನು, ಏನು ಓದಿದೀಯ?” ಎಂದರು.

“ಎಂಜಿನಿಯರಿಂಗ್, ಆಂಟಿ.”

ನಗು ಎರಡನೇ ಸುತ್ತು ಹೊರಟಿತು. ಪ್ರೊಫೆಸರರೂ ಸೋತರು. “ಸುಳ್ಳು ಹೇಳೋನು ತನ್ನನ್ನ ಇಷ್ಟು ಪೆದ್ದ ಅಂತ ತೋರಿಸ್ಕೊಳ್ಳಲ್ಲ. ಒಪ್ಪಿದೆ. ಚಿತ್ರ ಇರ್ಲಿ. ಕ್ಷಮಿಸಿ ಜಲಜಾ ಅವರೇ.” ಅರ್ಧ ಕಿತ್ತಿದ್ದ ಚೀಟಿಯನ್ನು ಅವರೇ ಹೆಬ್ಬೆರಳಿಂದ ಒತ್ತಿ ಅಂಟಿಸಿದರು. ಅದು ಸ್ವಲ್ಪ ಸೊಟ್ಟಗಾಯಿತು. ಆಂಟಿ ಸರಿಮಾಡಿದರು.

ಈಗ ಎಲ್ಲರಿಗೂ ಆ ಚಿತ್ರವೇ ಬೇಕು. ಎಲ್ಸಿಯ ಕಥೆಯನ್ನು ಆಂಟಿ ಮೂರ್ನಾಲ್ಕು ಸಲ ಹೇಳಬೇಕಾಯಿತು. ಹಳದಿ ಕೆಂಪು ಶಾಲು ಹೊದ್ದು ನಿಂತಿದ್ದ ಹಿರಿಯರು, ಎಲ್ಲಿ ಹೋದರೂ ನಮ್ಮ ಕಲೆ ನಮ್ಮದೇ ಎಂದು ಎದೆಯುಬ್ಬಿಸಿದರು. ಅದೇ ಹುಮ್ಮಸ್ಸಿನಲ್ಲಿ ಸಾವಿತ್ರಿ, ಸಭಾಂಗಣಕ್ಕೆಲ್ಲ ಕೇಳುವಂತೆ ದನಿಯೆತ್ತಿದರು:

“ನೀವೇ ಹೇಳಿ ಜಲಜಾ, ಎರಡರಲ್ಲಿ ಯಾವುದು ಚೆಂದ? ನಮ್ಮ ರಂಗೋಲೀನೋ, ಆ ಆಮೇನೋ?”

ಚಪ್ಪಾಳೆ ತಟ್ಟಲು ಕೈಗಳು ಆಗಲೇ ಎದ್ದಿದ್ದವು. ಸುಧನ್ವ ‘ರಾಜ್ಯೋತ್ಸವ ಆಂಟಿ, ರಾಜ್ಯೋತ್ಸವ’ ಎಂದು ಕಣ್ಣಲ್ಲೇ ಬೇಡಿಕೊಂಡ.

“ಆಮೆ,” ಎಂದರು ಆಂಟಿ. “ನನ್ನದ್ರಲ್ಲಿ ಒಂದು ಎಳೆ ತಪ್ಪಿದೆ. ಇಷ್ಟು ಜನ ನೋಡಿದ್ರಿ, ಒಬ್ಬರಿಗೂ ಕಾಣ್ಲಿಲ್ವಾ?”