ಸೀಬೆ ಗಿಡದಲ್ಲಿ ತೂಗುವ ವಾಲ್ವು

ಜಾವಗಲ್‌ನಿಂದ ಹಳೇಬೀಡಿಗೆ ಹೋಗೋ ರಸ್ತೆಯಲ್ಲಿ, ಊರು ಮುಗಿಯೋ ಕಡೆ, ತಗಡಿನ ಶೆಡ್ಡು ಒಂದಿದೆ. ಬೋರ್ಡಿಲ್ಲ. ಪಕ್ಕದ ಸೀಬೆ ಗಿಡವೇ ಅದರ ಗುರುತು. ಆ ಗಿಡದಲ್ಲಿ ಕಾಯಿಗಳ ನಡುನಡುವೆ ಹಿತ್ತಾಳೆ ಬಿಲ್ಲೆಗಳು ತೂಗಾಡ್ತವೆ, ಮೂವತ್ತೋ ನಲವತ್ತೋ. ಗಾಳಿ ಬೀಸಿದರೆ ಟಿಣ್ ಟಿಣ್ ಅನ್ನುತ್ತವೆ, ಗಿಳಿಗಳು ಹತ್ತಿರ ಸುಳಿಯೋದಿಲ್ಲ. ಅವನ್ನ ದಾರ ಪೋಣಿಸಿ ಕಟ್ಟಿದವಳು ಭಾಗಮ್ಮ. ತಂದುಕೊಟ್ಟವನು ಅವಳ ಗಂಡ, ಮೆಕ್ಯಾನಿಕ್ ಕಲ್ಲೇಶಪ್ಪ. ತಂದುಕೊಟ್ಟ ಅನ್ನೋದಕ್ಕಿಂತ, ಬಿಸಾಕಿದ್ದನ್ನ ಇವಳು ಆಯ್ದುಕೊಂಡಳು ಅನ್ನೋದೇ ಸರಿ.

ಒಂದೊಂದು ಬಿಲ್ಲೆಯೂ ಒಂದೊಂದು ಗಾಡಿಯ ಇಂಜಿನ್ನಿನಿಂದ ಬಂದದ್ದು. ಥರ್ಮೋಸ್ಟಾಟ್ ಅಂತ ಅದರ ಹೆಸರು, ಶೆಡ್ಡಿನ ಮಾತಲ್ಲಿ ಬರೀ ವಾಲ್ವು. ಇಂಜಿನ್ ತಣ್ಣಗಿರೋ ತನಕ ನೀರನ್ನ ರೇಡಿಯೇಟರಿಗೆ ಬಿಡದೆ ತಡೆಯೋದು, ಕಾದ ಮೇಲೆ ಬಾಗಿಲು ತೆಗೆಯೋದು, ಇಷ್ಟೇ ಅದರ ಕೆಲಸ. ಕಲ್ಲೇಶಪ್ಪ ಮೀಸೆ ಮೂಡದ ವಯಸ್ಸಲ್ಲಿ ಅರಸೀಕೆರೆಗೆ ಕೆಲಸ ಕಲಿಯೋಕೆ ಹೋದಾಗ ಅವನ ಮೇಸ್ತ್ರಿ ಸಣ್ಣಯ್ಯ ಹೇಳಿದ್ದ, "ಇದು ಹಿಮ ಬೀಳೋ ದೇಶದೋರಿಗೆ ಮಾಡಿದ್ದು ಕಣ್ಲಾ. ನಮ್ಮ ಬಯಲುಸೀಮೆ ಬಿಸಿಲಿಗೆ ಇದ್ಯಾಕೆ? ಕಿತ್ತು ಬಿಸಾಕು, ನೀರು ಸಲೀಸಾಗಿ ಓಡಾಡ್ಲಿ." ಗುರು ಹೇಳಿದ ಮಾತು. ಅವತ್ತಿಂದ ಕಲ್ಲೇಶಪ್ಪನ ಕೈಗೆ ಸಿಕ್ಕ ಯಾವ ಇಂಜಿನ್ನಿನಲ್ಲೂ ವಾಲ್ವು ಉಳಿದಿಲ್ಲ. ಹಳೇ ಇಂಜಿನ್ನುಗಳಿಗೆ ಅದರಿಂದ ಕೇಡೂ ಆಗಲಿಲ್ಲ.

ಗಂಡನ ಕಿವಿ ಮಂದವಾಗ್ತಾ ಇದೆ ಅಂತ ಭಾಗಮ್ಮನಿಗೆ ಮೊದಲು ತಿಳಿದದ್ದು ಈ ಗಿಡದಿಂದಲೇ. ಮಧ್ಯಾಹ್ನ ಮುದ್ದೆ ಉಂಡು ಒಂದು ಗಳಿಗೆ ಅಡ್ಡಾದರೆ ಅವನದು ದಿನಾ ಒಂದೇ ಗೊಣಗಾಟ. "ಲೇ ಭಾಗಿ, ಬಿಚ್ಚೇ ಆ ನಿನ್ನ ಗಂಟೆಗಳ್ನ. ಗುಡಿ ಒಳಗೆ ಮಲಗ್ದಂಗಾಗ್ತೈತೆ." ಹೋದ ವರ್ಷದ ಆಷಾಢದಲ್ಲಿ ಗಾಳಿ ಎದ್ದು ಗಿಡಕ್ಕೆ ಗಿಡವೇ ಜಾಗಟೆಯಾಗಿತ್ತು. ಅವನು ಮಗು ಹಾಗೆ ಮಲಗಿದ್ದ. ಭಾಗಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತು ನೋಡಿದಳು. ಅವನು ಎದ್ದ ಮೇಲೆ ಕಾಫಿ ಕೊಟ್ಟಳು, ಏನೂ ಹೇಳಲಿಲ್ಲ.

ಹೇಳೋದು ಹೇಗೆ? ಅವನ ವಿದ್ಯೆ ಎಲ್ಲ ಇದ್ದದ್ದು ಕಿವಿಯಲ್ಲೇ. ರಸ್ತೆಯಲ್ಲಿ ಷಡಕ್ಷರಪ್ಪನ ಟೆಂಪೋ ಹೋದರೆ ತಟ್ಟೆ ಮುಂದೆ ಕೂತೇ, "ಮೂರನೇ ಸಿಲಿಂಡರು ಕೆಮ್ತಾ ಐತೆ, ನಾಳೆ ಬತ್ತಾನೆ ನೋಡು," ಅನ್ನೋನು. ಷಡಕ್ಷರಪ್ಪ ಬರೋನು. ಈಗ ಸ್ಪ್ಯಾನರಿನ ಒಂದು ತುದಿ ಇಂಜಿನ್ನಿಗೂ ಇನ್ನೊಂದು ತುದಿ ಕಿವಿಗೂ ಒತ್ತಿಕೊಂಡು ಬಹಳ ಹೊತ್ತು ನಿಲ್ಲುತ್ತಾನೆ. ಆಮೇಲೆ ಅವರೆಕಾಯಿ ಸುಲಿಯುತ್ತ ಕೂತ ಹೆಂಡತಿ ಕಡೆ ಓರೆಗಣ್ಣಲ್ಲಿ ನೋಡುತ್ತಾನೆ. ಅವಳು ತನ್ನ ಪಾಡಿಗೆ ಅಂದುಕೊಳ್ಳೋಳ ಹಾಗೆ, "ಅದೇನೋ ಕಟಕಟ ಅಂತೈತಪ್ಪ, ಎಡಗಡೆಗೆ," ಅನ್ನುತ್ತಾಳೆ. ಅವನು ಎಡಗಡೆ ಬಿಚ್ಚುತ್ತಾನೆ. ಹೀಗೇ ಒಂದು ವರ್ಷ ನಡೆದಿತ್ತು, ಇಬ್ಬರೂ ಆ ಸುದ್ದಿ ಬಾಯಿಬಿಟ್ಟು ಆಡದೆ.

ಆಡೋ ಹಾಗೆ ಮಾಡಿದ್ದು ದಿವ್ಯಾಳ ಕಾರು.

ದಿವ್ಯಾ ಹಳೇಬೀಡಿನ ಹುಡುಗಿ, ಸರ್ಕಾರಿ ಸ್ಕೂಲಿನ ಮೇಡಮ್ಮು. ಚಿಕ್ಕವಳಿದ್ದಾಗ ಬಿದ್ದು ಎಡಗಾಲಲ್ಲಿ ಬಲವಿಲ್ಲ. ಅವಳ ತಾತನ ಕಾಲದ ಹಾಲುಬಣ್ಣದ ಕಾರು ಹಿತ್ತಲಲ್ಲಿ ಕೋಳಿ ಗೂಡಾಗಿ ನಿಂತಿತ್ತು. ಅದನ್ನ ಕಲ್ಲೇಶಪ್ಪ ಎಳೆದು ತಂದು, ಅರಸೀಕೆರೆಯ ಗುಜರಿಯಲ್ಲಿ ಸಿಕ್ಕ ವ್ಯಾನಿನ ಇಂಜಿನ್ನು ಕೂರಿಸಿ, ಎಡಗಾಲು ಮಾಡೋ ಕ್ಲಚ್ಚಿನ ಕೆಲಸವನ್ನ ಕೈಗೆ ಸಿಗೋ ಒಂದು ಸರಳಿಗೆ ಒಪ್ಪಿಸಿ, ಕಾಗದಪತ್ರ ಎಲ್ಲ ಮಾಡಿಸಿ ಕೊಟ್ಟಿದ್ದ. ಎಂಟು ತಿಂಗಳ ಕೆಲಸ. ಅವನ ಬದುಕಲ್ಲಿ ಅಷ್ಟು ಅಕ್ಕರೆಯಿಂದ ಮಾಡಿದ ಗಾಡಿ ಬೇರೊಂದಿಲ್ಲ. ಮೊದಲ ದಿನ ದಿವ್ಯಾ ಒಬ್ಬಳೇ ಓಡಿಸಿಕೊಂಡು ಹೋದಾಗ, ಅದು ತಿರುವಿನಲ್ಲಿ ಮರೆಯಾದ ಮೇಲೂ ಅವನು ರಸ್ತೆಯಲ್ಲೇ ನಿಂತಿದ್ದ.

ಊರಲ್ಲೇ ಸ್ಕೂಲಿದ್ದಾಗ ಕಾರು ಚೆನ್ನಾಗಿಯೇ ಇತ್ತು. ಈ ಜೂನಿನಲ್ಲಿ ಅವಳಿಗೆ ಅರೇಹಳ್ಳಿ ಕಡೆಗೆ ವರ್ಗವಾಯಿತು. ಬೇಲೂರು ದಾಟಿ ಏರು ಹತ್ತಬೇಕು. ಆ ಏರಲ್ಲಿ ಮೂರು ಸಲ ಕಾರು ಕುದಿದು ನಿಂತಿತು.

ಶನಿವಾರ ಸ್ಕೂಲು ಮುಗಿಸಿ ಅವಳು ಶೆಡ್ಡಿಗೆ ಬಂದಾಗ ಬಾನೆಟ್ಟಿನಿಂದ ಹಬೆಯಾಡುತ್ತಿತ್ತು.

"ಅಂಕಲ್, ನಿಮ್ಮ ಮಗಳಿಗೆ ಜ್ವರ ಬಂದಿದೆ," ಅಂದಳು ದಿವ್ಯಾ, ಕಾರನ್ನ ತಟ್ಟಿ.

"ಏನು, ಬರ ಬಂದೈತಾ?"

"ಜ್ವರಾ!" ಅಂತ ಕೂಗಿದವಳು, ತಾನು ಕೂಗಿದ್ದಕ್ಕೆ ತಾನೇ ಮುಖ ಸಣ್ಣ ಮಾಡಿಕೊಂಡಳು. ಆಮೇಲೆ ಭಾಗಮ್ಮನ ಹತ್ತಿರ ಬಂದು ಮೆಲ್ಲಗೆ ಅಂದಳು, "ನಮ್ಮಣ್ಣ ಕಾರು ಮಾರಿಬಿಡು ಅಂತಿದ್ದಾನೆ ಅಮ್ಮ. ಕಿವಿ ಕೇಳದೋರ ಹತ್ರ ಇಂಜಿನ್ ಮಾಡಿಸಿದ್ರೆ ಇನ್ನೇನಾಗುತ್ತೆ ಅಂತ. ಅಂಕಲ್‌ಗೆ ಹೇಳ್ಬೇಡಿ."

ಹೇಳಬೇಕಾಗಿರಲಿಲ್ಲ. ಕಿವಿ ಮಂದವಾದ ಮೇಲೆ ಕಲ್ಲೇಶಪ್ಪ ತುಟಿ ನೋಡೋದು ಕಲಿತಿದ್ದ.

ದಿವ್ಯಾ ಬಸ್ಸಿಗೆ ಹೋದ ಮೇಲೆ ಅವನು ಇಂಜಿನ್ ಚಾಲೂ ಮಾಡಿದ. ಕಾದ ಮೇಲೆ ರೇಡಿಯೇಟರಿನ ಫ್ಯಾನು ತಾನೇ ತಿರುಗಬೇಕು. ಬಿಸಿ ತೋರಿಸೋ ಮೀಟರಿನ ಮುಳ್ಳು ಕೆಂಪು ಗೆರೆ ಮುಟ್ಟಿತು.

"ತಿರುಗ್ತಾ?"

"ಇಲ್ಲ ಕಣ್ರೀ."

ಹಾಗಾದರೆ ಫ್ಯಾನಿನದೇ ತಪ್ಪು ಅಂತ ಬ್ಯಾಟರಿಯಿಂದ ನೇರ ವೈರು ಕೊಟ್ಟ. ಫ್ಯಾನು ಭರ್ರೋ ಅಂತ ತಿರುಗಿತು. ಇಂಜಿನ್ನು ಮತ್ತೂ ಕುದಿಯಿತು. ಭಾನುವಾರ ಬೆಳಗ್ಗೆ ಎದ್ದು ನೀರಿನ ಪಂಪು ಬಿಚ್ಚಿ ನೋಡಿದ, ಸರಿಯಿತ್ತು. ರೇಡಿಯೇಟರು ಇಳಿಸಿ ತೊಳೆದ, ಕಸವಿರಲಿಲ್ಲ. ಎಲ್ಲ ಮತ್ತೆ ಕೂರಿಸಿ ಚಾಲೂ ಮಾಡಿದರೆ ಮತ್ತೆ ಕುದಿತ. ಅವನು ಹಳೇ ಟಯರಿನ ಮೇಲೆ ಕೂತ.

"ಭಾಗಿ."

"ಊಂ."

"ಇದೊಂದು ಸರಿಹೋಗ್ಲಿಲ್ಲ ಅಂದ್ರೆ ಶೆಡ್ಡಿಗೆ ಬೀಗ ಹಾಕ್ಬಿಡ್ತೀನಿ ಕಣೇ. ಕಾಲಲ್ಲಿ ಬಲ ಇಲ್ಲದ ಹುಡುಗೀನ ಕಾಡುದಾರೀಲಿ ನಿಲ್ಲಿಸೋ ಅಂಥ ಕೆಲಸ ಮಾಡ್ಕೊಂಡು ಯಾಕಿರ್ಬೇಕು?"

ಅವನು ರೇಗಿ ಹೇಳಿದ್ದರೆ ಭಾಗಮ್ಮ ನಕ್ಕುಬಿಡುತ್ತಿದ್ದಳು. ಬೀಗ ಹಾಕೋ ಮಾತು ಎಷ್ಟು ಸಲ ಆಡಿಲ್ಲ ಅವನು! ಆದರೆ ಈ ಸಲ ಮೆಲ್ಲಗೆ ಹೇಳಿದ. ಶೆಡ್ಡಿಗೆ ಬೀಗ ಬಿದ್ದರೆ ಈ ಮನುಷ್ಯ ಜಗಲಿ ಮೇಲೆ ಕೂತು ಒಳಗೊಳಗೇ ಮುಚ್ಚಿಹೋಗುತ್ತಾನೆ ಅಂತ ಅವಳಿಗೆ ಗೊತ್ತಿತ್ತು.

ಇಂಜಿನ್ನು ಇನ್ನೂ ಓಡುತ್ತಿತ್ತು. ಅವಳು ಎದ್ದು ಹೋಗಿ ಫ್ಯಾನಿನ ಗಾಳಿಗೆ ಅಂಗೈ ಒಡ್ಡಿದಳು. ಆಮೇಲೆ ಬಗ್ಗಿ ರೇಡಿಯೇಟರಿನ ಕೆಳಗಿನ ಪೈಪು ಮುಟ್ಟಿದಳು. ಗಂಡನ ಭುಜ ತಟ್ಟಿ ಕರೆದಳು.

"ಬನ್ರೀ ಇಲ್ಲಿ. ಒಲೆ ಉರೀತಿದ್ರೆ ಒಲೆ ಮುಂದಿನ ಗಾಳಿ ಬಿಸಿ ಇರ್ಬೇಕು ತಾನೆ? ಇದು ಬಾವಿಕಟ್ಟೆ ಗಾಳಿ ಇದ್ದಂಗೈತೆ. ಪೈಪೂ ತಣ್ಣಗೈತೆ."

ಕಲ್ಲೇಶಪ್ಪ ಕೈ ಒಡ್ಡಿದ. ಹೌದು. ಇಂಜಿನ್ನು ಕೊತಕೊತ, ರೇಡಿಯೇಟರು ತಂಪು. ಅವನು ಇಷ್ಟು ಹೊತ್ತೂ ಸ್ಪ್ಯಾನರು ಕಿವಿಗೊತ್ತಿ ಕೇಳಿದ್ದ, ಕೈಯಿಟ್ಟು ನೋಡಿರಲಿಲ್ಲ.

"ನೀರು ಇಲ್ಲಿಗೆ ಬತ್ತಾನೇ ಇಲ್ಲ," ಅಂದ. "ಆದ್ರೆ ತಡಿಯೋಕೆ ಅಲ್ಲೇನೂ ಇಲ್ವಲ್ಲೇ. ವಾಲ್ವು ನಾನೇ ಕಿತ್ತಿದ್ದೀನಿ."

ಭಾಗಮ್ಮ ಕೊಕ್ಕೆ ಕೋಲು ತಗೊಂಡು ಸೀಬೆ ಗಿಡದ ಬುಡಕ್ಕೆ ಹೋದಳು. ಆ ಕಾರಿನ ವಾಲ್ವನ್ನ ಕಟ್ಟಿದ್ದು ಅವಳಿಗೆ ನೆನಪಿತ್ತು, ಯಾಕೆಂದರೆ ಅದರ ಆಕಾರ ಬೇರೆ. ಮಿಕ್ಕ ಬಹುಪಾಲಕ್ಕೆ ಒಂದೇ ಬಿಲ್ಲೆ, ಇದಕ್ಕೆ ಕೆಳಗೆ ಒಂದು ಕಾಲು, ಕಾಲಿನ ತುದಿಗೆ ಇನ್ನೊಂದು ಪುಟ್ಟ ಬಿಲ್ಲೆ. ದಾರ ಎಲ್ಲಿ ಕಟ್ಟೋದು ಅಂತ ಅವತ್ತು ಒದ್ದಾಡಿದ್ದಳು.

ಸ್ವಲ್ಪ ಹೊತ್ತಾದ ಮೇಲೆ ಒಳಗಿಂದ ಬಂದು ಅವನ ತೋಳು ಹಿಡಿದು ಅಡುಗೆಮನೆಗೆ ಕರಕೊಂಡು ಹೋದಳು. ಒಲೆ ಮೇಲೆ ಹಾಲಿನ ಪಾತ್ರೆ, ಪಾತ್ರೆಯಲ್ಲಿ ನೀರು, ನೀರಲ್ಲಿ ದಾರಕ್ಕೆ ತೂಗುಬಿಟ್ಟ ವಾಲ್ವು.

"ಇದೇನೇ, ಕಾಫಿಗೆ ವಾಲ್ವು ಹಾಕಿದ್ದೀಯ?"

"ಸುಮ್ಕೆ ನೋಡ್ರಿ."

ಇಬ್ಬರೂ ಒಲೆ ಮುಂದೆ ತಲೆಗೆ ತಲೆ ತಾಗಿಸಿ ನಿಂತರು. ತಳದಲ್ಲಿ ಸಾಸಿವೆ ಕಾಳಷ್ಟು ಗುಳ್ಳೆ ಎದ್ದವು. ನೀರು ಮರಳೋಕೆ ಇನ್ನೂ ಸ್ವಲ್ಪ ಇತ್ತು, ಆಗ ವಾಲ್ವು ನಿಧಾನವಾಗಿ ಬಾಯಿ ಬಿಟ್ಟಿತು. ಬಾಯಿ ಬಿಡುತ್ತಾ ಬಿಡುತ್ತಾ ಅದರ ಕಾಲು ಕೆಳಗಿಳಿಯಿತು, ಮಗು ಮಂಚದಿಂದ ಇಳಿಯೋವಾಗ ಕಾಲಲ್ಲಿ ನೆಲ ಹುಡುಕೋ ಹಾಗೆ.

"ಮೇಲಿಂದು ತೆಗೀತಾ ಕೆಳಗಿಂದು ಏನನ್ನೋ ಮುಚ್ಚೋಕೆ ಹೋಗ್ತೈತೆ," ಅಂದಳು ಭಾಗಮ್ಮ. "ಆ ಕಾಲು ಕೂರೋ ಕಡೆ ಇಂಜಿನ್ನಲ್ಲಿ ಏನೈತೆ?"

"ತೂತು," ಅಂದ ಕಲ್ಲೇಶಪ್ಪ. "ನೀರು ವಾಪಸ್ ಇಂಜಿನ್ನಿಗೇ ಹೋಗೋ ಅಡ್ಡದಾರಿ."

"ಸರಿ ಮತ್ತೆ. ಹಳೇ ಮಡೆ ಕಟ್ಟದೆ ಹೊಸ ಪಾತಿಗೆ ನೀರು ತಿರುಗ್ತೈತೇನ್ರೀ? ನಮ್ಮಪ್ಪನ ಹೊಲದಲ್ಲಿ ನಾನು ಕಟ್ಟದೆ ಇರೋ ಮಡೆ ಐತಾ? ಹಿಂದಿನ ಬಾಯಿಗೆ ಮಣ್ಣು ಒತ್ತದೆ ಇದ್ರೆ ನೀರು ಹತ್ತಿರದ ದಾರೀನೇ ಹಿಡಿಯೋದು. ದೂರದ ಪಾತಿ ಒಣಗೋದು."

ಅವನು ಒಲೆ ಆರಿಸಿದ. ವಾಲ್ವು ತಣ್ಣಗಾಗ್ತಾ ಮತ್ತೆ ಬಾಯಿ ಮುಚ್ಚಿಕೊಳ್ಳೋದನ್ನ ಕೊನೇವರೆಗೂ ನೋಡಿದ.

"ಹಂಗಾದ್ರೆ ಫ್ಯಾನಿಂದೂ ತಪ್ಪಿಲ್ಲ," ಅಂದ. "ತಿರುಗು ಅಂತ ಅದಕ್ಕೆ ಹೇಳೋ ಸೆನ್ಸಾರು ಕೂತಿರೋದು ರೇಡಿಯೇಟರಲ್ಲಿ. ರೇಡಿಯೇಟರೇ ತಣ್ಣಗಿದ್ರೆ ಅದೇನು ತಿರುಗ್ತೈತೆ?"

"ಕರೀದೆ ಯಾರಾದ್ರೂ ಊಟಕ್ಕೆ ಬತ್ತಾರಾ?"

ಅವನು ನಗಲಿಲ್ಲ. "ನಲವತ್ತು ವರ್ಷ ಕಿತ್ತೆ ಭಾಗಿ."

"ಹಳೇವಕ್ಕೆ ಕಾಲಿರ್ಲಿಲ್ಲ. ಸಣ್ಣಯ್ಯನೋರಿಗೆ ತಾನೇ ಹೆಂಗೆ ಗೊತ್ತಾಗ್ಬೇಕು? ಕೂತ್ಕೊಳ್ಳಿ, ಈಗ ನಿಜವಾಗ್ಲೂ ಕಾಫಿ ಮಾಡ್ತೀನಿ."

ಬಿಸಿಲು ಮಳೆ ಕಂಡ ವಾಲ್ವನ್ನ ನಂಬದೆ ಅರಸೀಕೆರೆಯಿಂದ ಹೊಸದು ತರಿಸಿದ. ಅದನ್ನೂ ಹಾಲಿನ ಪಾತ್ರೆಯಲ್ಲಿ ಕುದಿಸಿ ನೋಡಿಯೇ ಕೂರಿಸಿದ. ಫ್ಯಾನಿನ ನೇರ ವೈರು ಕಿತ್ತು ಮೊದಲಿದ್ದ ಹಾಗೆ ಸೆನ್ಸಾರಿಗೆ ಸೇರಿಸಿದ. ಮುಂದಿನ ಭಾನುವಾರ ಮೂವರೂ ಹೊರಟರು. ದಿವ್ಯಾ ಓಡಿಸೋಳು, ಕಲ್ಲೇಶಪ್ಪ ಅವಳ ಪಕ್ಕದಲ್ಲಿ, ಭಾಗಮ್ಮ ಹಿಂದಿನ ಸೀಟಿನಲ್ಲಿ, ಮಡಿಲಲ್ಲಿ ನೀರಿನ ಕ್ಯಾನು. ಬೇಲೂರು ದಾಟಿದ ಮೇಲೆ ಕಲ್ಲೇಶಪ್ಪ ಹಿಂದಕ್ಕೆ ತಿರುಗಿದ. ಅವನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು.

"ಭಾಗಿ, ಫ್ಯಾನಿನ ಸದ್ದು ನಂಗೆ ಕೇಳಾಕಿಲ್ಲ. ತಿರುಗಿದ್ರೆ ಹೆಗಲು ಒಂದು ಸಲ ತಟ್ಟು. ನಿಂತ್ರೆ ಎರಡು ಸಲ."

"ಆಯ್ತು," ಅಂದು ಅವಳು ಅವನ ಹೆಗಲ ಮೇಲೆ ಕೈಯಿಟ್ಟಳು.

ಏರು ಶುರುವಾಯಿತು. ಮುಂದೆ ಮರ ಹೇರಿದ ಲಾರಿಯೊಂದು ಗುಂಯ್‌ಗುಡುತ್ತ ತೆವಳುತ್ತಿತ್ತು, ದಿವ್ಯಾ ಅದರ ಹಿಂದೆಯೇ ಗೇರು ಇಳಿಸಿ ಹತ್ತಿಸಿದಳು. ಮುಳ್ಳು ಮೇಲೇರಿತು. ಅರ್ಧಕ್ಕೆ ಬಂತು, ಅರ್ಧ ದಾಟಿತು. ಕಲ್ಲೇಶಪ್ಪನ ಕುತ್ತಿಗೆ ನರ ಬಿಗಿದದ್ದು ಭಾಗಮ್ಮನ ಕೈಗೆ ಗೊತ್ತಾಯಿತು. ಅವಳು ಕಣ್ಣು ಮುಚ್ಚಿ, ಲಾರಿಯ ಸದ್ದು ಬೇರೆ ಮಾಡಿ, ಕಾರಿನ ಸದ್ದು ಬೇರೆ ಮಾಡಿ ಕೇಳಿದಳು. ಅದರೊಳಗಿಂದ ಭರ್ರ್ ಅಂತ ಒಂದು ಹೊಸ ಸದ್ದು ಎದ್ದಿತು.

ತಟ್ಟಿದಳು. ಒಂದು ಸಲ.

ಮುಳ್ಳು ಅಲ್ಲೇ ನಿಂತಿತು. ಏರು ಮುಗಿದು ಗಾಡಿ ಹಗುರಾಗಿ ಒಂದು ಮೈಲಿ ಹೋಗೋ ಹೊತ್ತಿಗೆ ಮುಳ್ಳು ಕೆಳಗಿಳಿಯಿತು, ಭರ್ರ್ ಅನ್ನೋದು ನಿಂತಿತು. ಎರಡು ಸಲ ತಟ್ಟಿದಳು. ಅವನು ಹಿಂದೆ ತಿರುಗಲಿಲ್ಲ. ಹೆಗಲ ಮೇಲಿದ್ದ ಆ ಕೈ ಮೇಲೆ ತನ್ನ ಕೈಯಿಟ್ಟ, ಅರೇಹಳ್ಳಿ ಬರೋವರೆಗೂ ತೆಗೆಯಲಿಲ್ಲ. ದಿವ್ಯಾ ಕನ್ನಡಿಯಲ್ಲಿ ನೋಡಿದಳು, ನೋಡದೋಳ ಹಾಗೆ ರಸ್ತೆ ಕಡೆ ತಿರುಗಿದಳು.

ಸೋಮವಾರ ಬೆಳಗ್ಗೆ ಭಾಗಮ್ಮ ಹಾಲು ಕರೆಯುತ್ತಿದ್ದಾಗಲೇ ಶೆಡ್ಡಿನ ತಗಡಿನ ಬಾಗಿಲು ಎಳೆದ ಸದ್ದಾಯಿತು. ಹೋಗಿ ನೋಡಿದರೆ ಅವನು ಏಣಿ ಹಾಕಿಕೊಂಡು ಸೀಬೆ ಗಿಡದಲ್ಲಿದ್ದ. ಕಾಲಿರೋ ವಾಲ್ವುಗಳನ್ನ ಮಾತ್ರ ಆರಿಸಿ ಬಿಚ್ಚುತ್ತಿದ್ದ. ಇನ್ನೂ ಮೂರು ಸಿಕ್ಕವು. ಯಾವುದು ಯಾರ ಗಾಡಿಯದು ಅಂತ ಅವನಿಗೆ ನೆನಪಿತ್ತು.

"ಹಾರನಹಳ್ಳಿ ಕರಿಯಪ್ಪಂಗೆ ಫೋನ್ ಮಾಡು," ಅಂದ ಮೇಲಿಂದಲೇ. "ಅವನ ಮಾತು ನಂಗೆ ಫೋನಲ್ಲಿ ಕೇಳಾಕಿಲ್ಲ, ನೀನೇ ಮಾತಾಡು."

ಭಾಗಮ್ಮ ಕೈಯನ್ನ ಸೆರಗಿಗೆ ಒರೆಸಿಕೊಂಡು ನಂಬರು ಒತ್ತಿದಳು.

"ಕರಿಯಪ್ಪನೋರೇ, ನಾನು ಜಾವಗಲ್ ಭಾಗಮ್ಮ. ನಿಮ್ಮ ಗಾಡೀದು ಒಂದು ಸಾಮಾನು ನಮ್ಮ ಸೀಬೆ ಗಿಡದಾಗೆ ಉಳ್ಕೊಂಡೈತೆ. ಬಂದು ಹೊಸದು ಹಾಕಿಸ್ಕೊಂಡೋಗಿ. ಏರಲ್ಲಿ ಕುದೀತೈತೆ ಅಂತಿದ್ರಲ್ಲ, ಅದು ನಿಮ್ಮ ಗಾಡಿ ತಪ್ಪಲ್ಲ, ನಮ್ಮದೇ."

ಆ ಕಡೆಯಿಂದ ಏನೋ ಕೇಳಿಸಿತು. ಅವಳು ಫೋನಿಗೆ ಕೈ ಮುಚ್ಚಿ, ಗಂಡನಿಗೆ ತುಟಿ ಕಾಣೋ ಹಾಗೆ ಮುಖ ಎತ್ತಿ ನಿಧಾನವಾಗಿ ಹೇಳಿದಳು.

"ಕೇಳ್ತಾವ್ರೆ, ಶೆಡ್ಡು ತೆಗೆದಿರ್ತೀರಾ ಅಂತ."

ಕಲ್ಲೇಶಪ್ಪ ಬಿಚ್ಚಿದ ವಾಲ್ವನ್ನ ಜೇಬಿಗೆ ಹಾಕಿಕೊಂಡ. ದಾರ ಬಿಚ್ಚಿದ ಕೊಂಬೆಯಲ್ಲಿ ಆಗಲೇ ಒಂದು ಗಿಳಿ ಬಂದು ಕೂತಿತ್ತು.

"ದಿನಾ," ಅಂದ. "ದಿನಾ ತೆಗೆದಿರ್ತೀವಿ ಅನ್ನು. ನೀನೂ ಇರ್ತೀಯ ಅಂತ ಹೇಳು."