ಅತ್ತಿಗೆ ಮಗುಚಿಟ್ಟ ಬೋಗುಣಿ

ನನ್ನ ಅತ್ತಿಗೆ ಮಾತಿನಲ್ಲಿ ಜಿಪುಣಿ, ಹಟದಲ್ಲಿ ಧಾರಾಳಿ. ಅಣ್ಣನದು ಕಿಟಕಿ ಗಾಜಿನ ಅಂಗಡಿ. ಮದುವೆಯಾಗಿ ಬಂದವಳು ಅಂಗಡಿಯ ಹಿಂದಿನ ಕೋಣೆಯಲ್ಲಿ ಕರೆಂಟಿನ ಕುಲುಮೆಯೊಂದನ್ನು ಇಟ್ಟುಕೊಂಡು, ಉಳಿದ ಗಾಜಿನಲ್ಲಿ ತಟ್ಟೆ, ಬಟ್ಟಲು ಮಾಡತೊಡಗಿದಳು. ಕಾದ ಗಾಜು ಮೆತ್ತಗಾಗಿ ಅಚ್ಚಿನ ಆಕಾರಕ್ಕೆ ಬಾಗುತ್ತದೆ, ತಣಿದ ಮೇಲೆ ಹಾಗೆಯೇ ನಿಲ್ಲುತ್ತದೆ. ಇದರಲ್ಲೇನು ದೊಡ್ಡದಿದೆ ಎಂದುಕೊಂಡಿದ್ದೆ.

ಒಮ್ಮೆ ಹೆರಿಗೆ ಆಸ್ಪತ್ರೆಯ ಮೇಲ್ವಿಚಾರಕಿ ಬಂದು, ಹಜಾರದ ದೀಪಕ್ಕೆ ಗಾಜಿನ ಗುಮ್ಮಟ ಬೇಕು, ಎರಡೂ ತೋಳಿಗೆ ತುಂಬುವಷ್ಟು ದೊಡ್ಡದು ಎಂದರು. ಅತ್ತಿಗೆ ಹಿಂದೆಮುಂದೆ ನೋಡದೆ ಒಪ್ಪಿಕೊಂಡಳು. ಅಷ್ಟಗಲದ ಮಣ್ಣಿನ ಅಚ್ಚು ಒಣಗುವಾಗಲೇ ಬಿರುಕು ಬಿಟ್ಟಿತು. ಇನ್ನು ಲೋಹವೇ ಗತಿ. ಆದರೆ ಯಾವ ಲೋಹ?

ಅಲ್ಲಿಗೆ ನಮ್ಮ ಅಡುಗೆಮನೆಗೆ ಗ್ರಹಚಾರ ಹಿಡಿಯಿತು. ಪರೀಕ್ಷೆಗೆಂದು ಮೊದಲು ಹೋದದ್ದು ಅಲ್ಯೂಮಿನಿಯಂ ಬಟ್ಟಲು. ಗಾಜು ಬಾಗುವ ಮೊದಲೇ ಅದು ಕರಗಿ ಕುಲುಮೆಯ ತಳಕ್ಕೆ ಅಂಟಿಕೊಂಡಿತ್ತು. ತಾಮ್ರ ಕಾವನ್ನೇನೋ ತಡೆಯಿತು, ಆದರೆ ಮೈಯೆಲ್ಲ ಕಪ್ಪು ಹೊಪ್ಪಳೆಯೆದ್ದು ಗಾಜಿಗೆ ಕಚ್ಚಿಕೊಂಡಿತು. ಅಣ್ಣ ಊಟಕ್ಕೆ ಕೂತು, ನಾಳೆ ಅಂಗೈಯಲ್ಲೇ ಬಡಿಸುತ್ತೀಯಾ ಎಂದು ಕೇಳಿದ. ಅತ್ತಿಗೆಗೆ ನಗು ಬರಲಿಲ್ಲ.

ಆಗ ಅಮ್ಮ ಅಟ್ಟದಿಂದ ದಪ್ಪ ಸ್ಟೀಲಿನ ದೊಡ್ಡ ಬೋಗುಣಿ ಇಳಿಸಿಕೊಟ್ಟಳು. ಅಣ್ಣನಿಗೂ ನನಗೂ ಕೂಸಾಗಿದ್ದಾಗ ಸ್ನಾನ ಮಾಡಿಸಿದ ಬೋಗುಣಿ ಅದು. ಅತ್ತಿಗೆ ಅದನ್ನು ಒರಟಾಗಿ ಉಜ್ಜಿ, ಗಾಜು ಅಂಟದಿರಲೆಂದು ಬಿಳಿ ಲೇಪ ಹಚ್ಚಿ, ಗಾಜಿನ ದುಂಡು ಹಾಳೆಯನ್ನು ಬಾಯ ಮೇಲಿಟ್ಟಳು. ಗಾಜು ಒಳಕ್ಕೆ ಚೆನ್ನಾಗಿಯೇ ಇಳಿಯಿತು. ತಣಿಯುವಾಗ ಮಾತ್ರ ಪಟ್ ಎಂದಿತು. ತೆರೆದರೆ, ಸುತ್ತಲೂ ಬಿರುಕು.

ಅವಳು ಅಳಲಿಲ್ಲ. ಚೂರುಗಳನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದರ ಅಂಚನ್ನೂ ನೋಡುತ್ತ ಕೂತಳು. ಕಾಫಿ ತಂದ ನಾನು, ಇನ್ನು ಬಿಟ್ಟುಬಿಡು ಅನ್ನುವಷ್ಟರಲ್ಲಿ ತಲೆಯೆತ್ತಿದಳು.

"ತಣ್ಣಗಾಗ್ತಾ ಸ್ಟೀಲು ಗಾಜಿಗಿಂತ ಜಾಸ್ತಿ ಕುಗ್ಗುತ್ತೆ ಕಣೆ. ಗಾಜು ಒಳಗಿದ್ರೆ ಹಿಂಡಿಬಿಡುತ್ತೆ. ಗಾಜು ಹೊರಗಿದ್ರೆ?"

ನಾನು ಬಾಯಿ ತೆರೆಯುವ ಮೊದಲೇ ಬೋಗುಣಿಯನ್ನು ಮಗುಚಿ ಹಾಕಿದ್ದಳು.

ಈ ಸಲ ಹಾಳೆ ಬೋರಲು ಬೋಗುಣಿಯ ಬೆನ್ನ ಮೇಲೆ ಕೂತಿತು. ಕಾವು ಏರಿದಾಗ ಅತ್ತಿಗೆ ಕಪ್ಪು ಕನ್ನಡಕ ಕೊಟ್ಟು, ಕುಲುಮೆಯ ಕಿಂಡಿಯಲ್ಲಿ ನೋಡು ಎಂದಳು. ಒಳಗೆಲ್ಲ ಕೆಂಡದ ಬೆಳಕು. ಅಣ್ಣ ದಿನವೂ ಕೊಯ್ಯುವ ಆ ಗಡಸು ಗಾಜು ಅಂಚಿನಲ್ಲಿ ಮೆಲ್ಲಗೆ ಬಾಗುತ್ತಿತ್ತು. ಒದ್ದೆ ಸೀರೆ ಹಗ್ಗದ ಮೇಲೆ ಇಳಿಬೀಳುವ ಹಾಗೆ, ಆದರೆ ಅದಕ್ಕಿಂತ ಎಷ್ಟೋ ನಿಧಾನವಾಗಿ, ಯಾರೂ ಮುಟ್ಟದೆ, ಸದ್ದಿಲ್ಲದೆ ಅದು ಬೋಗುಣಿಯ ಮೈಗೆ ಇಳಿಯಿತು. ಅತ್ತಿಗೆಯ ಕೈ ಹಿಡಿದುಕೊಂಡಿದ್ದೇನೆಂದು ತಿಳಿದದ್ದೇ ಆಮೇಲೆ.

ತಣಿಯುವವರೆಗೆ ಆ ಕೋಣೆಯ ಬಾಗಿಲು ತೆರೆಯಲು ಅವಳು ಯಾರನ್ನೂ ಬಿಡಲಿಲ್ಲ. ಕೊನೆಗೆ ಅಣ್ಣನೂ ಅವಳೂ ಎದುರುಬದುರು ನಿಂತು ಎತ್ತಿದರು. ಒಳಗೆ ಸ್ಟೀಲು ಕೂದಲೆಳೆಯಷ್ಟು ಹಿಂದೆ ಸರಿದಿತ್ತು, ಗಾಜು ಸಲೀಸಾಗಿ ಮೇಲೆ ಬಂತು. ಅಷ್ಟೊಂದು ಕೀಟಲೆ ಮಾಡಿದ್ದ ಅಣ್ಣನೇ ಅದನ್ನು ಮೇಜಿನ ಮೇಲಿಟ್ಟು ಅಂಗಿಯ ತುದಿಯಿಂದ ಒರೆಸಿದ. ಅಮ್ಮ ಬೆರಳಿನಿಂದ ಒಮ್ಮೆ ಮೀಟಿದಳು. ಆ ನಾದ ಗೋಡೆಗಳಲ್ಲಿ ಇಂಗುವವರೆಗೂ ನಾವು ಉಸಿರಾಡಲಿಲ್ಲ.

ಆಸ್ಪತ್ರೆಯಲ್ಲಿ ಅದನ್ನು ತೂಗುಹಾಕಿ ದೀಪ ಹಚ್ಚಿದ ದಿನ, ಸೊಂಟದ ಮೇಲೆ ಕೈಯಿಟ್ಟು ಹಜಾರದಲ್ಲಿ ಅಡ್ಡಾಡುತ್ತಿದ್ದ ತುಂಬು ಬಸುರಿಯೊಬ್ಬಳು ನಡಿಗೆ ನಿಲ್ಲಿಸಿ ಮೇಲೆ ನೋಡಿದಳು. ತುಂಬ ಹೊತ್ತು ನೋಡಿದಳು. ಅತ್ತಿಗೆ ನನ್ನ ಹಿಂದೆ ಸರಿದು, "ಬಾ, ಹೋಗೋಣ" ಎಂದಳು.