ಹೇಳೋದು ಕೇಳಬ್ಯಾಡ್ರಿ, ಮಾಡೋದು ನೋಡ್ರಿ

“ನಮ್ಮ ಕೈಯಾಗ ಏನೂ ಇಲ್ಲ ಅಂದ್ರ, ಒಂದು ತಾಸು ಮತ್ಯಾಕ ಹೇಳಿದ್ರಿ ಸರ್?”

ತುಂಬಿದ ಸಭೆಯಲ್ಲಿ ಒಬ್ಬ ಹೆಣ್ಣುಮಗಳು ನನ್ನನ್ನು ಹೀಗೆ ಕೇಳಿದಳು.

ಗಲ್ಫ್ ಕಡೆ ಕ್ಷಿಪಣಿಗಳು ಹಾರಾಡುತ್ತಿದ್ದ ವಾರ ಅದು. ಮೂಡಲಗಿಯ ಗೆಳೆಯರು ಭಾನುವಾರ ಬೆಳಿಗ್ಗೆ ನನ್ನದೊಂದು ಉಪನ್ಯಾಸ ಇಟ್ಟಿದ್ದರು. ವಿಷಯ, ಬಲಾಢ್ಯ ರಾಷ್ಟ್ರಗಳ ಪೈಪೋಟಿ. ಗೋಕಾಕದ ಕಾಲೇಜಿನಲ್ಲಿ ಮೂವತ್ತು ವರ್ಷ ರಾಜ್ಯಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. (ನಿವೃತ್ತ ಮಾಸ್ತರನ ಕೈಗೆ ಮೈಕ್ ಸಿಕ್ಕರೆ ಏನಾಗುತ್ತದೆ ಎಂದು ನಿಮಗೆ ಗೊತ್ತೇ ಇದೆ.)

ನಕಾಶೆ ತೂಗುಹಾಕಿ, ಕೋಲು ಹಿಡಿದು ಶುರು ಮಾಡಿದೆ. ದೇಶದೇಶಗಳು ಜಗಳವಾಡಿದರೆ ದೂರು ಕೊಡಲು ಪೊಲೀಸ್ ಠಾಣೆ ಇಲ್ಲ. ಪ್ರತಿ ದೇಶವೂ ತನ್ನ ರಕ್ಷಣೆ ತಾನೇ ನೋಡಿಕೊಳ್ಳಬೇಕು. ಒಬ್ಬ ರಕ್ಷಣೆಗೆಂದು ಆಯುಧ ಕೂಡಿಟ್ಟರೆ ಪಕ್ಕದವನಿಗೆ ಅದೇ ಭಯ, ಅವನೂ ಕೂಡಿಡುತ್ತಾನೆ. ಸ್ನೇಹ, ಒಪ್ಪಂದ ಎಲ್ಲವೂ ಹಿತಾಸಕ್ತಿ ಇರುವ ತನಕ. ಇದಕ್ಕೆ ವಾಸ್ತವವಾದ ಎನ್ನುತ್ತಾರೆ. ಕೊನೆಗೆ ಕೋಲನ್ನು ಗಲ್ಫ್‌ನ ಒಂದು ಬಂದರಿನ ಮೇಲಿಟ್ಟು, “ದೊಡ್ಡವರ ಸೇನಾ ನೆಲೆ ಇಲ್ಲಿದೆ. ಪೆಟ್ಟು ಬಿದ್ದರೆ ಮೊದಲು ಇಲ್ಲೇ” ಎಂದೆ.

ಜೋರು ಚಪ್ಪಾಳೆ!

ಆಗ ಎದ್ದು ನಿಂತವಳು ಶಮೀಮ್. ನನ್ನ ಹಳೆಯ ವಿದ್ಯಾರ್ಥಿನಿ. ತವರು ಮೂಡಲಗಿ, ಕೊಟ್ಟಿದ್ದು ಹುಕ್ಕೇರಿಗೆ. ಅಲ್ಲಿ ಬಟ್ಟೆ ಹೊಲಿಯುತ್ತಾಳೆ.

“ಸರ್, ನೀವು ಕೋಲು ಇಟ್ಟೀರಲ್ರಿ, ಅಲ್ಲೇ ನಮ್ಮ ಮನಿಯವರು ಕ್ರೇನ್ ನಡಸ್ತಾರ. ಅವರ ರೂಮು ಬಂದರಿನ ಗ್ವಾಡಿಗೆ ಹತ್ತಿಕೊಂಡ ಐತಿ. ಈಗ ಏನ್ ಮಾಡ್ಬೇಕ್ರಿ?”

ನನಗೆ ತೋಚಿದ್ದು ಒಂದೇ ಮಾತು. “ಧೈರ್ಯ ಬಿಡಬ್ಯಾಡವಾ. ದೊಡ್ಡವರ ಜಗಳದಾಗ ನಮ್ಮ ಕೈಯಾಗ ಏನೈತಿ?”

ಅದಕ್ಕೇ ಆಕೆ ಹಾಗೆ ಕೇಳಿದ್ದು.

ಚಪ್ಪಾಳೆ ಹೊಡೆದವರೆಲ್ಲ ಚಹಾ ಕುಡಿಯಲು ಹೋದರು. ಶಮೀಮ್ ವೇದಿಕೆ ಹತ್ತಿ ನಕಾಶೆಯ ಮುಂದೆ ನಿಂತಳು. ಆಮೇಲೆ ನಡೆದದ್ದು ನನ್ನ ಪರೀಕ್ಷೆ.

“ಸುತ್ತಮುತ್ತ ಯಾವ ದೇಶದ ಮ್ಯಾಲೆ ಹೊಡೆದ್ರ ಜಗಳದ ಎರಡೂ ಕಡಿಯವರಿಗೆ ಲುಕ್ಸಾನ ಐತ್ರಿ?”

ಎಂಥ ಪ್ರಶ್ನೆ! ಯಾವ ವಿದ್ಯಾರ್ಥಿಯೂ ಕೇಳಿರದ ಪ್ರಶ್ನೆ. ಯೋಚಿಸಿ, ಎರಡೂ ಕಡೆಯವರು ಗುಟ್ಟಾಗಿ ಕೂತು ಮಾತಾಡುವ ಪಕ್ಕದ ಒಂದು ಸಣ್ಣ ದೇಶ ತೋರಿಸಿದೆ.

“ಬಂದರಿನಿಂದ ಅಲ್ಲಿಗೆ ರಸ್ತೆ ಐತೇನ್ರಿ?”

“ಐತಿ. ಬಸ್ಸೂ ಐತಿ.”

ಅಲ್ಲೇ ಗಂಡ ರಿಯಾಜ್‌ಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿದಳು. (ಉರ್ದುವಿನಲ್ಲಿ ಶುರುವಾದ ಮಾತು ನನಗಾಗಿ ಕನ್ನಡಕ್ಕೆ ಹೊರಳಿತು.)

“ಏನೂ ಆಗಂಗಿಲ್ಲ, ಇಲ್ಲೇ ಇರ್ರಿ ಅಂತ ಮ್ಯಾನೇಜರ್ ಹೇಳ್ಯಾನ” ಎಂದ ರಿಯಾಜ್.

“ಅವನ ಹೆಂಡ್ತಿ ಮಕ್ಕಳು ಎಲ್ಲಿ ಅದಾರ್ರಿ?”

“ಮೊನ್ನೆನ ಊರಿಗೆ ಕಳಿಸ್ಯಾನ.”

“ಹಂಗಿದ್ರ ಅವನು ಹೇಳೋದು ಕೇಳಬ್ಯಾಡ್ರಿ, ಮಾಡೋದು ನೋಡ್ರಿ!”

ಮೂವತ್ತು ವರ್ಷಗಳಲ್ಲಿ ಇಷ್ಟು ಚೊಕ್ಕ ಪಾಠ ನಾನು ಮಾಡಿದ್ದಿಲ್ಲ.

ಆದರೆ ಪಾಸ್‌ಪೋರ್ಟ್? ಅದು ಕಂಪನಿಯ ಕಪಾಟಿನಲ್ಲಿತ್ತು. ಕೇಳಿದರೆ ನೌಕರಿ ಹೋಗುತ್ತದೆ ಎಂದು ರಿಯಾಜ್ ಹಿಂಜರಿದ.

“ಒಬ್ಬರೇ ಕೇಳಿದ್ರ ಹೆದರಸ್ತಾರ. ರೂಮಿನಾಗ ಹನ್ನೊಂದು ಮಂದಿ ಅದೀರಲ್ಲ, ಕೂಡೇ ಹೋಗ್ರಿ. ನೀವು ಕೆಲಸ ಬಿಟ್ರ ಬಂದರು ನಿಂತಂಗ. ಅವರಿಗೂ ನಿಮ್ಮ ಗರಜು ಐತಿ, ಮರೀಬ್ಯಾಡ್ರಿ.”

ಮಾತು ಖಡಕ್ ಇತ್ತು. ಫೋನ್ ಇಟ್ಟವಳೇ ಬಂದರಿನಿಂದ ಗಡಿಯವರೆಗಿನ ದಾರಿಯನ್ನು ನಕಾಶೆಯ ಮೇಲೆ ಬೆರಳಿನಿಂದ ಅಳೆದಳು.

ಮರುದಿನ ಒಂಬತ್ತು ಜನ ಹೋದರು. ಇಬ್ಬರು ಮ್ಯಾನೇಜರನ ಮಾತು ನಂಬಿ ಉಳಿದರು. ಆ ಒಂಬತ್ತು ಜನ ಆಫೀಸಿನ ಬಾಗಿಲಲ್ಲಿ ನಾಲ್ಕು ತಾಸು ನಿಂತರು. ಬೈದರೂ ಕದಲಲಿಲ್ಲ. ಪಾಸ್‌ಪೋರ್ಟ್‌ಗಳು ಹೊರಬಂದವು. ಸಂಜೆಯೇ ಬಸ್ ಹತ್ತಿದರು. ಬಸ್ಸು ಗಡಿ ದಾಟಿತು ಎಂಬ ಸುದ್ದಿ ಬರುವ ತನಕ ಶಮೀಮ್ ಹೊಲಿಗೆ ಯಂತ್ರ ಮುಟ್ಟಲಿಲ್ಲವಂತೆ.

ನಾಲ್ಕನೆಯ ದಿನ ಬಂದರಿಗೆ ಪೆಟ್ಟು ಬಿತ್ತು. ರೂಮಿನ ಕಿಟಕಿಗಳು ಸಿಡಿದವು. ಉಳಿದಿದ್ದ ಇಬ್ಬರಲ್ಲಿ ಒಬ್ಬನ ಕಣ್ಣಿಗೆ ಗಾಜು ಹೊಕ್ಕಿತು. ಆ ಕಣ್ಣು ಉಳಿಯಲಿಲ್ಲ.

ಕಳೆದ ವಾರ ಹುಕ್ಕೇರಿಗೆ ಹೋಗಿದ್ದೆ. ರಿಯಾಜ್ ಮನೆಯಲ್ಲಿದ್ದ. ಕಣ್ಣು ಕಳೆದುಕೊಂಡ ಗೆಳೆಯನ ಹೆಸರು ಬಂದಾಗ ತಲೆ ತಗ್ಗಿಸಿದ. “ಅವನ್ನ ಎಳಕೊಂಡ ಬರಬೇಕಿತ್ರಿ” ಎಂದ. ಮತ್ತೆ ಗಲ್ಫ್‌ಗೆ ಹೋಗುವ ವಿಚಾರವಿದೆ. ಶಮೀಮ್ ಬೇಡ ಎನ್ನುತ್ತಿಲ್ಲ. “ಹೋಗ್ಲಿ ಸರ್. ಆದ್ರ ಪಾಸ್‌ಪೋರ್ಟ್ ತಮ್ಮ ಕಿಸೆದಾಗ ಇರಬೇಕು.”

ವಾಪಸ್ ಬರುವಾಗ ನನ್ನ ಮೇಲೆಯೇ ಸಿಟ್ಟು ಬಂತು. ಜಗತ್ತು ಬಲದ ಮೇಲೆ ನಡೆಯುತ್ತದೆ ಎಂಬುದು ಖರೆ. ನಾನು ಅದನ್ನು ತಲೆಬಾಗುವ ಪಾಠವಾಗಿ ಕಲಿಸಿದ್ದೆ. ಆಕೆ ಅದರಿಂದಲೇ ಒಂಬತ್ತು ಜನರನ್ನು ಗಡಿ ದಾಟಿಸಿದಳು. ಟಿವಿಯ ಪಂಡಿತರು ಕಬಡ್ಡಿ ಕಾಮೆಂಟರಿ ಹೇಳಿದ ಹಾಗೆ ಯುದ್ಧ ವಿವರಿಸುತ್ತಾರೆ. ಯಾರು ಯಾರ ಕಾಲು ಹಿಡಿದರು, ಯಾರು ಔಟಾದರು. ಕೇಳಿ ಕೇಳಿ ನಾವೂ ದೊಡ್ಡವರ ಕಣ್ಣಿಂದಲೇ ನಕಾಶೆ ನೋಡುತ್ತೇವೆ. ನಮ್ಮ ಮನೆಯವರು ಆ ನಕಾಶೆಯ ಮೇಲೆ ಎಲ್ಲಿದ್ದಾರೆ ಎಂದು ಹುಡುಕುವುದೇ ಇಲ್ಲ.

ಬಲಾಢ್ಯ ದೇಶಗಳು ತಮ್ಮ ಹಿತ ತಾವು ನೋಡಿಕೊಳ್ಳುತ್ತವೆ, ಸರಿ. ನಾವು ನಮ್ಮ ಹಿತ ನೋಡಿಕೊಳ್ಳಬಾರದು ಎಂದು ಯಾವ ಪುಸ್ತಕದಲ್ಲಿ ಬರೆದಿದೆ?